ಎಲೆಕೋಸಿಗೆ ಬಿದ್ದ ಮತಗಳು

ಎಲ್ಲಾ ಶುರುವಾದದ್ದು ‘ಬೇರೆ’ ಅನ್ನುವ ಎರಡಕ್ಷರದಿಂದ.

ಕ್ರಿಸ್ಮಸ್‌ಗೆ ಇನ್ನೊಂದೇ ದಿನ ಉಳಿದಿತ್ತು. ಬೆಳಗಿನ ಕಾಫಿ ಮುಗಿದ ಮೇಲೆ ಗಡಿಯಾರದಣ್ಣನ ಹೆಂಡತಿ ಕ್ಯಾಲೆಂಡರಿನ ಹಳೇ ಹಾಳೆಯೊಂದನ್ನು ಮಗುಚಿಟ್ಟು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು, “ರೀ, ನಾಳೆ ಊಟಕ್ಕೆ ಏನೇನು ಮಾಡೋಣ?” ಎಂದು ಕೇಳಿದಳು. ಕೇಳಿದಳು ಅನ್ನುವುದು ಮಾತಿಗಷ್ಟೆ. ಹತ್ತೊಂಬತ್ತು ವರ್ಷಗಳಿಂದ ಈ ಪ್ರಶ್ನೆ ಕೇಳುತ್ತಿದ್ದಳು, ಹತ್ತೊಂಬತ್ತು ವರ್ಷಗಳಿಂದಲೂ ಉತ್ತರಕ್ಕೆ ಕಾಯದೆ ಮೊದಲ ಸಾಲಿನಲ್ಲಿ ‘ತುಂಬಿದ ಎಲೆಕೋಸು’ ಎಂದು ಬರೆದು ಅಡಿಗೆರೆ ಎಳೆಯುತ್ತಿದ್ದಳು.

ಈ ತುಂಬಿದ ಎಲೆಕೋಸು ಏನೆಂದು ಹೇಳಬೇಕು. ತಲೆಯಷ್ಟು ದಪ್ಪದ ಎಲೆಕೋಸಿನ ಹೊಟ್ಟೆ ಕೊರೆದು, ಅದರೊಳಗೆ ಬೇಯಿಸಿದ ಮೊಟ್ಟೆ, ತುರಿದ ಮೂಲಂಗಿ, ಬ್ರೆಡ್ಡಿನ ಪುಡಿ, ಒಣದ್ರಾಕ್ಷಿ ತುರುಕಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೂರು ಗಂಟೆ ಹಬೆಯಲ್ಲಿ ಬೇಯಿಸುವುದು. ಬೇಯುವಾಗ ಬರುವ ವಾಸನೆ ನೆಂದ ಕಾಲುಚೀಲವನ್ನು ಒಲೆ ಮೇಲೆ ಒಣಗಿಸಿದ ಹಾಗೆ. ಬಾಯಿಗೆ ಇಟ್ಟರೆ ಮೊದಲು ಸಿಹಿ, ಆಮೇಲೆ ಘಾಟು, ಕೊನೆಗೆ ಪಶ್ಚಾತ್ತಾಪ.

ನಮ್ಮ ಗಡಿಯಾರದಣ್ಣನಿಗೆ ಹೆಂಡತಿಯೆಂದರೆ ಪ್ರಾಣ. ಅವಳ ಎಲೆಕೋಸೆಂದರೆ ಪ್ರಾಣಸಂಕಟ. ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನದು ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ಕೂರಿಸುವ ಕೆಲಸ. ಹಾಗಾಗಿ ಉಸಿರು ಬಿಗಿಹಿಡಿಯುವ ಅಭ್ಯಾಸ ಇತ್ತು. ಕ್ರಿಸ್ಮಸ್ ಊಟದ ದಿನ ಅದೇ ಅವನನ್ನು ಕಾಪಾಡುತ್ತಿತ್ತು.

ಆದರೆ ಈ ಸಲ ಪೆನ್ನು ಕಾಗದ ಮುಟ್ಟುವ ಮೊದಲೇ ಅವನ ನಾಲಿಗೆ ಜಾರಿತು. “ಈ ಸಲ ಬೇರೆ...” ಅಂದುಬಿಟ್ಟ.

ಪೆನ್ನು ನಿಂತಿತು. “ಬೇರೆ?”

ಗಡಿಯಾರದಣ್ಣ ಮಾತು ತಿರುಗಿಸಿದ. “ಬೇರೆ... ಬೇರೆಯವರನ್ನೂ ಒಂದು ಮಾತು ಕೇಳೋಣ ಅಂದೆ ಕಣೇ. ಊಟಕ್ಕೆ ಬರೋರು ಅವರು. ಅವರಿಗೂ ಏನೋ ಆಸೆ ಇರುತ್ತಲ್ಲ?”

ಹೆಂಡತಿ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. “ಹೌದು ಕಣ್ರೀ. ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕೇಳೇ ಇಲ್ಲ ನಾನು. ಹೇಗೂ ಇವತ್ತು ಅಂಗಡಿ ಅರ್ಧ ದಿನ. ನೀವೇ ಹೋಗಿ ಕೇಳ್ಕೊಂಡು ಬನ್ನಿ. ಜಾಸ್ತಿ ಜನ ಏನು ಹೇಳ್ತಾರೋ ಅದನ್ನೇ ಮಾಡ್ತೀನಿ.”

ಗಡಿಯಾರದಣ್ಣ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲನ್ನು ಎರಡೆರಡು ಹಾರಿ ಇಳಿದ. ಊಟಕ್ಕೆ ಬರುವವರು ನಾಲ್ಕು ಜನ. ನಾಲ್ವರಲ್ಲಿ ಮೂವರು ಮೀನು ಅಂದರೆ ಸಾಕು. ನಿಂಬೆಹಣ್ಣು ಹಿಂಡಿದ ಇಡೀ ಮೀನೊಂದು, ಪಕ್ಕದಲ್ಲಿ ಕೆಂಪಗೆ ಹುರಿದ ಆಲೂಗಡ್ಡೆ ಇಟ್ಟುಕೊಂಡು ಅವನ ಕಣ್ಣ ಮುಂದೆ ಈಜಾಡುತ್ತಿತ್ತು.

ಮೊದಲು ಸಿಕ್ಕವನು ಟೈಲರ್. ಪಕ್ಕದ ಅಂಗಡಿಯವನು, ಚಿಕ್ಕಂದಿನ ಗೆಳೆಯ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿಗೆ ತೋಳು ಕೂರಿಸುತ್ತಿದ್ದ. ವಿಷಯ ಕೇಳಿದವನೇ ಸೂಜಿಗಳನ್ನೆಲ್ಲ ಅಂಗೈಗೆ ಉಗುಳಿದ.

“ನಿನ್ನ ಹತ್ರ ಹೇಳಬಾರದು ಕಣೋ, ನಿನಗೆ ಅದಂದ್ರೆ ಜೀವ. ಆದ್ರೆ ಕೇಳಿದೀಯ ಅಂತ ಹೇಳ್ತೀನಿ. ಹೋದ ವರ್ಷ ನನ್ನ ಪಾಲಿನ ಎಲೆಕೋಸನ್ನ ಕರ್ಚೀಫಲ್ಲಿ ಸುತ್ತಿ ಕೋಟಿನ ಜೇಬಲ್ಲಿಟ್ಕೊಂಡು ಹೋದೆ. ಆ ಕೋಟು ಇವತ್ತಿಗೂ ಮನೆ ಹೊರಗೇ ನೇತಾಡ್ತಿದೆ. ಒಳಗೆ ತರೋ ಹಾಗಿಲ್ಲ.”

ಗಡಿಯಾರದಣ್ಣನಿಗೆ ಗೆಳೆಯನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ‘ನನಗೂ ಹಾಗೇ ಕಣೋ’ ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡ. ಟೈಲರಿಗೆ ಹೇಳಿದ ಮಾತು ಒಂದು ಗುಂಡಿ ಹೊಲಿಯುವಷ್ಟರಲ್ಲಿ ಇಡೀ ಬೀದಿ ಸುತ್ತಿ ಹೆಂಡತಿಯ ಕಿವಿಗೆ ಬೀಳುತ್ತದೆ. “ಹಾಗಾದ್ರೆ ಮೀನು ಅಂತ ಬರ್ಕೊಳ್ತೀನಿ,” ಅಂದ.

“ಲೋ, ಹುಚ್ಚೇನೋ ನಿನಗೆ? ಆ ಚೀಟಿ ಓದೋರು ಅತ್ತಿಗೆ ತಾನೇ? ನಾನು ಜ್ವರ ಬಂದು ಮಲಗಿದ್ದಾಗ ಹದಿನೈದು ದಿನ ಊಟ ಕಳಿಸಿದ್ದು ಯಾರು? ಎಲೆಕೋಸು ಅಂತಲೇ ಬರಿ. ದಪ್ಪಕ್ಕೆ ಬರಿ!”

ಗಡಿಯಾರದಣ್ಣ ದಪ್ಪಕ್ಕೆ ಬರೆದ.

ಎರಡನೆಯವರು ಪಕ್ಕದ ಮನೆಯ ಹೆಡ್‌ಮಾಸ್ಟರು. ನಿವೃತ್ತರಾಗಿ ಆರು ವರ್ಷವಾದರೂ ಕೈಗೆ ಸಿಕ್ಕಿದ ದಿನಪತ್ರಿಕೆಯ ಕಾಗುಣಿತದ ತಪ್ಪುಗಳನ್ನು ಕೆಂಪು ಪೆನ್ಸಿಲಿನಿಂದ ತಿದ್ದದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಪ್ರಶ್ನೆ ಕೇಳಿ ಕನ್ನಡಕವನ್ನು ಹಣೆಗೇರಿಸಿದರು.

“ಪ್ರಾಮಾಣಿಕವಾಗಿ ಹೇಳಲೋ, ಮರ್ಯಾದೆಗೆ ಹೇಳಲೋ?”

“ಪ್ರಾಮಾಣಿಕವಾಗಿಯೇ ಹೇಳಿ ಸಾರ್.”

“ನಿನಗೆ ಬೇಜಾರಾಗಬಾರದಪ್ಪ. ನೂರಕ್ಕೆ ನಾಲ್ಕು ಕೊಡ್ತೀನಿ. ಆ ನಾಲ್ಕೂ ಬಟ್ಟೆ ಅಚ್ಚುಕಟ್ಟಾಗಿ ಕಟ್ಟಿದ್ದಕ್ಕೆ.” ಆಮೇಲೆ ಹಾಳೆಯನ್ನು ತಾವೇ ಎಳೆದುಕೊಂಡು ಕೆಂಪು ಪೆನ್ಸಿಲಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದರು: ‘ತುಂಬಿದ ಎಲೆಕೋಸು. ಅತ್ಯುತ್ತಮ.’

“ಸಾರ್! ನಾಲ್ಕು ಅಂದ್ರಿ?”

“ಇದು ಮರ್ಯಾದೆ ಕಣಪ್ಪ. ನನ್ನ ಹುಟ್ಟಿದ ದಿನ ನನ್ನ ಮಕ್ಕಳಿಗೇ ನೆನಪಿರಲ್ಲ. ಆ ತಾಯಿಗಿರುತ್ತೆ.” ಅಷ್ಟು ಹೇಳಿ ಮತ್ತೆ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು.

ಮೂರನೆಯವಳು ಮಹಡಿ ಮೇಲಿನ ನರ್ಸಮ್ಮ. ಆಗಷ್ಟೇ ಪಾಳಿ ಮುಗಿಸಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕಾಲಿಟ್ಟುಕೊಂಡು ಕೂತಿದ್ದಳು.

“ಅಣ್ಣ, ನಾನು ನರ್ಸು. ಅಸಹ್ಯ ಅನ್ನೋದು ನನಗೆ ಗೊತ್ತೇ ಇಲ್ಲ. ಆದ್ರೂ ಆ ಎಲೆಕೋಸು ಇದೆಯಲ್ಲ...” ಮಾತು ಅಲ್ಲಿಗೇ ನಿಲ್ಲಿಸಿ ಕಣ್ಣು ಮುಚ್ಚಿದಳು. “ನಿಮಗೆ ಇಷ್ಟ ಅಂತ ಗೊತ್ತು, ಬೈಕೋಬೇಡಿ. ಅದಕ್ಕೆ ಹೆದರಿ ಒಂದು ವರ್ಷ ಬೇಕಂತಲೇ ಕ್ರಿಸ್ಮಸ್ ದಿನ ಡ್ಯೂಟಿ ಹಾಕಿಸ್ಕೊಂಡೆ. ಅಕ್ಕ ಏನು ಮಾಡಿದ್ರು ಗೊತ್ತಾ? ಡಬ್ಬಿಗೆ ಹಾಕ್ಕೊಂಡು, ಎರಡು ಬಸ್ಸು ಬದಲಾಯಿಸಿ, ಆಸ್ಪತ್ರೆಗೇ ತಂದುಕೊಟ್ರು. ‘ಹಬ್ಬದ ದಿನ ನೀನೊಬ್ಬಳೇ ಉಪವಾಸ ಇರ್ತೀಯಲ್ಲೇ’ ಅಂತ. ಅಳು ಬಂತು ನನಗೆ. ಅಳ್ತಾನೇ ಪೂರ್ತಿ ತಿಂದೆ.”

“ಈ ಸಲ ಅಳೋದು ಬೇಡ. ಮೀನು ಅಂತ...”

“ಥೂ, ನನ್ನ ಕೈಲಿ ಅಂಥ ಪಾಪ ಮಾಡಿಸಬೇಡಿ. ಎಲೆಕೋಸು ಅಂತ ಬರ್ಕೊಳ್ಳಿ.”

ಇನ್ನು ಉಳಿದದ್ದು ಅತ್ತೆ. ಎರಡು ಬೀದಿ ಆಚೆ ಮಗನ ಮನೆಯಲ್ಲಿದ್ದರು. ಆ ಮಗ ಸೊಸೆ ಹಬ್ಬಕ್ಕೆಂದು ಸೊಸೆಯ ತವರಿಗೆ ಹೋಗಿದ್ದರಿಂದ ನಾಳೆ ಊಟಕ್ಕೆ ಮಗಳ ಮನೆಗೆ ಬರುವವರು. ಮೂರು ಮತ ಎಲೆಕೋಸಿಗೆ ಬಿದ್ದಿದ್ದರೂ, ಹೆತ್ತ ತಾಯಿಯೇ ಬೇಡ ಅಂದರೆ ಹೆಂಡತಿ ಕೇಳಿಯಾಳೆಂದು ಗಡಿಯಾರದಣ್ಣನಿಗೆ ಇವರ ಮೇಲೆ ದೊಡ್ಡ ಭರವಸೆ. ಹೋದ ತಿಂಗಳಷ್ಟೇ ಅವರು ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದರು. ಮೂಲಂಗಿ ತುಂಬಿದ ಎಲೆಕೋಸಿಗೂ ಆ ಸೆಟ್ಟಿಗೂ ಹೊಂದಿಕೆಯಾಗುವುದು ಸಾಧ್ಯವೇ ಇರಲಿಲ್ಲ.

“ನನ್ನ ಹತ್ರಾನೇ ಕಲಿತದ್ದು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾಳೆ,” ಅಂದರು ಅತ್ತೆ, ಹಲ್ಲನ್ನು ನಾಲಿಗೆಯಲ್ಲಿ ಸರಿಮಾಡಿಕೊಳ್ಳುತ್ತ. “ನಾನು ಹೇಳಿಕೊಟ್ಟದ್ದು ಎಲೆಕೋಸಿನ ಸೂಪು. ಅರ್ಧ ಕೇಳಿಸ್ಕೊಂಡು ಎದ್ದು ಹೋದ್ಲು. ಉಳಿದರ್ಧ ಅವಳೇ ಕಟ್ಟಿದ್ದು.”

“ಹಾಗಂತ ಅವಳಿಗೆ ಹೇಳಬಹುದಿತ್ತಲ್ಲ ಅತ್ತೆ?”

“ಹೇಗೆ ಹೇಳಲಿ ಅಳಿಯಂದ್ರೇ? ಮದುವೆಯಾದ ವರ್ಷ, ಮೊದಲನೇ ಸಲ ಅದನ್ನ ಮಾಡಿದಾಗ, ನೀವು ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರಿ. ಅವಳು ಅದೆಷ್ಟು ಹಿಗ್ಗಿದ್ಲು! ಅವತ್ತೇ ನಮ್ಮೆಲ್ಲರ ಬಾಯಿ ಕಟ್ಟಿಹೋಯ್ತು. ನಾವು ಇಷ್ಟು ವರ್ಷ ತಿಂತಿರೋದು ಅವಳ ಮುಖ ನೋಡಿ, ನಿಮ್ಮ ಸಲುವಾಗಿ. ಹೂಂ, ಬರ್ಕೊಳ್ಳಿ. ಎಲೆಕೋಸು.”

ವಾಪಸು ಬರುವಾಗ ಗಡಿಯಾರದಣ್ಣನ ಕಾಲು ಕಬ್ಬಿಣದಷ್ಟು ಭಾರ. ತಪ್ಪಿತಸ್ಥನನ್ನು ಹುಡುಕಿಕೊಂಡು ಊರೆಲ್ಲ ಸುತ್ತಿ, ಕೊನೆಗೆ ಕನ್ನಡಿಯೆದುರು ಬಂದು ನಿಂತಂತಾಗಿತ್ತು. ಆ ಮೊದಲ ಊಟ ಅವನಿಗೆ ಚೆನ್ನಾಗಿ ನೆನಪಿತ್ತು. ಹಬೆಯ ಪಾತ್ರೆ ಇಳಿಸುವಾಗ ಬೆರಳು ಸುಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಬೆರಳನ್ನು ಸೆರಗಲ್ಲಿ ಮುಚ್ಚಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು ಅವಳು. ಅವನು ಏನು ಮಾಡಬೇಕಿತ್ತು? ಎರಡು ಸಲ ಹಾಕಿಸಿಕೊಂಡ. ಅವಳು ಅತ್ತಿದ್ದರೆ ಮೂರನೇ ಸಲವೂ ಹಾಕಿಸಿಕೊಳ್ಳುತ್ತಿದ್ದ.

ಮನೆಗೆ ಬಂದು ಹಾಳೆಯನ್ನು ಹೆಂಡತಿಯ ಕೈಗಿಟ್ಟ. ಅವಳು ಓದಿದಳು. ಇನ್ನೊಂದು ಸಲ ಓದಿದಳು. ಹಾಗೇ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತಳು. ಕಣ್ಣು ತುಂಬಿಕೊಂಡಿತು.

ಸಂತೋಷಕ್ಕೆ, ಅಂದುಕೊಂಡ ಗಡಿಯಾರದಣ್ಣ.

“ಒಬ್ಬರೂ ಬೇರೆ ಏನೂ ಹೇಳ್ಲಿಲ್ವೇನ್ರೀ?” ಅವಳು ಹಾಳೆಯನ್ನು ಮಗುಚಿ ನೋಡಿದಳು. “ನೀವು ಬೆಳಿಗ್ಗೆ ಬೇರೆಯವರನ್ನೂ ಕೇಳೋಣ ಅಂದಾಗ ನನಗೆ ಎಷ್ಟು ಆಸೆ ಆಗಿತ್ತು ಗೊತ್ತಾ? ಯಾರಾದ್ರೂ ಒಬ್ಬರು, ಒಬ್ಬರೇ ಒಬ್ಬರು, ಬೇಡ ಅಂದ್ರೆ ಸಾಕು ಅಂತ. ಆ ಮೂಲಂಗಿ ತುರಿದು ತುರಿದು ಸಾಕಾಗಿದೆ. ಮೂರು ದಿನ ತಲೆಕೂದಲೆಲ್ಲ ಅದೇ ವಾಸನೆ. ನಾನು ಒಂದು ತುತ್ತೂ ಬಾಯಿಗಿಟ್ಟವಳಲ್ಲ.”

ಗಡಿಯಾರದಣ್ಣ ಕಣ್ಣು ಕಣ್ಣು ಬಿಟ್ಟ. ಹೌದಲ್ಲ! ಎಲ್ಲರಿಗೂ ಬಡಿಸುತ್ತ ಓಡಾಡುವ ಅವಳ ತಟ್ಟೆಯಲ್ಲಿ ಎಲೆಕೋಸನ್ನು ಅವನು ಯಾವತ್ತೂ ಕಂಡಿರಲಿಲ್ಲ. “ಮತ್ಯಾಕೆ ಮಾಡ್ತೀಯೇ?”

“ನಿಮಗೆ ಇಷ್ಟ ಅಂತ!”

“ನನಗಾ?”

ಗಡಿಯಾರದಣ್ಣ ನೆಲ ನೋಡುತ್ತ, ಎಲ್ಲಾ ಹೇಳಿಬಿಟ್ಟ. ಎರಡು ಸಲ ಹಾಕಿಸಿಕೊಂಡದ್ದು, ಉಸಿರು ಬಿಗಿಹಿಡಿದದ್ದು, ಪ್ರತಿ ವರ್ಷ ಡಿಸೆಂಬರ್ ಬಂದರೆ ದಿನ ಎಣಿಸುತ್ತ ಹೆದರುತ್ತಿದ್ದದ್ದು.

ಹೆಂಡತಿ ಪಾತ್ರೆ ಒರೆಸುವ ಬಟ್ಟೆ ತೆಗೆದು ಅವನ ಮೇಲೆ ಬೀಸಿದಳು. “ಹತ್ತೊಂಬತ್ತು ಎಲೆಕೋಸು ಕಣ್ರೀ! ಹತ್ತೊಂಬತ್ತು! ಮೊದಲ ದಿನವೇ ಹೇಳೋಕೆ ಏನಾಗಿತ್ತು?”

“ನೀನು ಬೆರಳು ಸುಟ್ಕೊಂಡಿದ್ದೆ.”

ಬೀಸಲು ಎತ್ತಿದ ಬಟ್ಟೆ ಹಾಗೇ ಇಳಿಯಿತು. ಅವಳು ತನ್ನ ಬೆರಳನ್ನೇ ನೋಡಿಕೊಂಡಳು. ಆಮೇಲೆ ನಗಲು ಶುರುಮಾಡಿದಳು. ನಕ್ಕು ನಕ್ಕು ಅದೇ ಬಟ್ಟೆಯಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಇಬ್ಬರೂ ಮೇಜಿನ ಎರಡು ಕಡೆ ಕೂತು, ಮಕ್ಕಳು ಆಟಕ್ಕೆ ಕೂತಂತೆ, ನಾಳೆಯ ಊಟ ಯೋಚಿಸಿದರು. ನಿಂಬೆರಸ ಹಚ್ಚಿದ ಮೀನು. ಹುರಿದ ಆಲೂಗಡ್ಡೆ. ಅತ್ತೆಯ ಹಲ್ಲಿಗಾಗಿ ಬಟಾಣಿ ಸೂಪು. ಕೊನೆಗೊಂದು ಕೇಕು. ಎಲ್ಲಾ ಬರೆದ ಮೇಲೆ ಅವಳ ಮುಖ ಮತ್ತೆ ಸಣ್ಣಗಾಯಿತು.

“ಪಾಪ ರೀ, ಅವರೆಲ್ಲ ಇಷ್ಟಪಟ್ಟು ಬರೆಸಿದಾರೆ. ಹೆಡ್‌ಮಾಸ್ಟರಂತೂ ‘ಅತ್ಯುತ್ತಮ’ ಅಂದಿದಾರೆ. ಏನಂತ ಹೇಳೋದು?”

ನಾಲ್ವರ ಗುಟ್ಟೂ ಗಡಿಯಾರದಣ್ಣನ ಹೊಟ್ಟೆಯಲ್ಲಿ ಕೂತು ಒದ್ದಾಡುತ್ತಿತ್ತು. ಹೇಳುವ ಹಾಗಿಲ್ಲ. “ನಿನ್ನ ಕೈ ಉಳುಕಿದೆ ಅಂತೀನಿ,” ಅಂದ. “ಎಲೆಕೋಸು ಕೊರೆಯೋಕೆ ಕೈ ಬೇಕು. ಮೀನು ಬೇಯಿಸೋಕೆ ನಾನಿದ್ದೀನಿ.”

ಮತ್ತೆ ಅದೇ ನಾಲ್ಕು ಮನೆ. ಮುಖ ಜೋಲುಹಾಕಿಕೊಂಡು, “ಅವಳ ಕೈ ಉಳುಕಿಬಿಟ್ಟಿದೆ. ಈ ವರ್ಷ ಎಲೆಕೋಸಿಲ್ಲ,” ಎಂದ. “ಅಯ್ಯೋ ಪಾಪ!” ಎಂದರು ಎಲ್ಲರೂ, ಮುಖದಲ್ಲಿ ದೀಪ ಹಚ್ಚಿಟ್ಟಂಥ ಬೆಳಕು. ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಸುಳ್ಳು ಹೇಳಿ ರೂಢಿಯಿಲ್ಲದವನು ಸುಳ್ಳಿಗೆ ಒಗ್ಗರಣೆ ಜಾಸ್ತಿ ಹಾಕುತ್ತಾನೆ. ಒಂದೊಂದು ಮನೆಯಲ್ಲೂ ನಿಟ್ಟುಸಿರು ಬಿಟ್ಟು, “ಏನ್ಮಾಡೋದು, ವರ್ಷವೆಲ್ಲ ಅದಕ್ಕೇ ಕಾಯ್ತಿದ್ದೆ. ನನ್ನ ಹಣೇಲಿ ಬರೆದಿಲ್ಲ,” ಎಂದ. ಅತ್ತೆಯ ಮನೆಯಲ್ಲಂತೂ ಕಣ್ಣೊರೆಸಿಕೊಂಡ.

ಅವನು ಮನೆ ಸೇರುವಷ್ಟರಲ್ಲಿ ನರ್ಸಮ್ಮ ಅವನಿಗಿಂತ ಮೊದಲೇ ಬಂದು ಹೆಂಡತಿಯ ಕೈ ಹಿಡಿದು ಕೂತಿದ್ದಳು.

“ಇಲ್ಲಿ ನೋವಾ ಅಕ್ಕ?”

“ಹೂಂ... ಹಾ!”

“ಇಲ್ಲಿ?”

“ಅಲ್ಲೂ ಹಾ!”

“ಎರಡು ಕಡೆ ನೋವು. ನರವೇ ಹೊರಳಿದೆ,” ಎಂದು ನರ್ಸಮ್ಮ ಬೆರಳ ತುದಿಯಿಂದ ಮೊಣಕೈವರೆಗೆ ಬಿಳಿ ಬ್ಯಾಂಡೇಜು ಬಿಗಿದಳು. “ನಾಳೆ ಸಂಜೆವರೆಗೆ ಒಂದು ಚಮಚವನ್ನೂ ಎತ್ತಬಾರದು.” ಹಿಂದೆಯೇ ಟೈಲರ್ ಬಂದು ಕೋಟಿನ ಅಸ್ತರಿನ ಬಟ್ಟೆಯಲ್ಲಿ ಹೊಲಿದ, ಕೈ ಇಳಿಬಿಡುವ ಒಂದು ತೂಗುಪಟ್ಟಿಯನ್ನು ಅವಳ ಕೊರಳಿಗೆ ಹಾಕಿದ. ಒಳ್ಳೆಯ ಹೊಲಿಗೆ. ಅಂಚಿಗೆ ಅಲಂಕಾರದ ಪೈಪಿಂಗ್ ಕೂಡ ಇತ್ತು. ಹೀಗಾಗಿ ಆ ಸಂಜೆ ಮನೆ ಗುಡಿಸಿದ್ದು, ಕೇಕಿನ ಹಿಟ್ಟು ಕಲಸಿದ್ದು, ಆಲೂಗಡ್ಡೆ ಸಿಪ್ಪೆ ಸುಲಿದದ್ದು ಎಲ್ಲಾ ಗಡಿಯಾರದಣ್ಣನೇ. ಆದರೂ ಸಿಳ್ಳೆ ಹಾಕಿಕೊಂಡೇ ಮಾಡಿದ. ನಾಳೆ ಮೀನು!

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಮೀನು ಹೊನ್ನಿನ ಬಣ್ಣಕ್ಕೆ ಬೆಂದು ಮೇಜಿನ ಮಧ್ಯೆ ಬಂದು ಕೂತಿತು. ಬಾಗಿಲು ಬಡಿದ ಸದ್ದು. ಮೊದಲು ಬಂದದ್ದು ಟೈಲರ್, ಕೈಯಲ್ಲಿ ಮುಚ್ಚಿದ ಪಾತ್ರೆ. ಗೆಳೆಯನನ್ನು ಮೂಲೆಗೆ ಎಳೆದುಕೊಂಡು ಹೋದ.

“ನಿನ್ನೆ ನಿನ್ನ ಮುಖ ನೋಡಿ ಕರುಳು ಚುರುಕ್ ಅಂತು ಕಣೋ. ಅದಕ್ಕೇ ನಾನೇ ಮಾಡ್ಕೊಂಡು ಬಂದೆ.” ಮುಚ್ಚಳ ತೆಗೆದ. ಒಳಗೊಂದು ತುಂಬಿದ ಎಲೆಕೋಸು. ಬಾಯಿ ಬಿಡದಂತೆ ಕಪ್ಪು ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ ಹಾಕಿದ್ದ.

ಗಡಿಯಾರದಣ್ಣನ ಕಿವಿಯಲ್ಲಿ ಗುಂಯ್ ಎಂದಿತು. ಅಷ್ಟರಲ್ಲಿ ಹೆಡ್‌ಮಾಸ್ಟರು. ಅವರ ಕೈಯಲ್ಲೂ ಪಾತ್ರೆ. “ಜೀವನದಲ್ಲಿ ಮೊದಲ ಸಲ ಒಲೆ ಹಚ್ಚಿದೆನಪ್ಪ, ನಿನಗೋಸ್ಕರ. ನಿನ್ನ ಅತ್ತೆಯವರನ್ನು ಕೇಳಿ ಬರೆದುಕೊಂಡು ಮಾಡಿದ್ದು.” ಅವರ ಎಲೆಕೋಸು ಶಾಲೆಯ ಗ್ಲೋಬಿನಷ್ಟು ಗಟ್ಟಿಯಾಗಿತ್ತು. ಹಿಂದೆ ನರ್ಸಮ್ಮ. ಅವಳದು ಆಸ್ಪತ್ರೆಯ ಬ್ಯಾಂಡೇಜು ಬಟ್ಟೆಯಲ್ಲಿ ಬಿಗಿದು ಗಂಟುಹಾಕಿದ್ದರಿಂದ ತಲೆಗೆ ಪೆಟ್ಟುಬಿದ್ದ ರೋಗಿಯಂತೆ ಕಾಣುತ್ತಿತ್ತು. ಕೊನೆಗೆ ಅತ್ತೆ, ಎಲ್ಲರಿಗಿಂತ ದೊಡ್ಡ ಪಾತ್ರೆ ಹೊತ್ತುಕೊಂಡು.

“ನಿನ್ನೆ ನೀವು ಅತ್ತಿದ್ದು ನೆನೆಸ್ಕೊಂಡ್ರೆ ತಡ್ಕೊಳ್ಳೋಕಾಗ್ಲಿಲ್ಲ ಅಳಿಯಂದ್ರೇ!”

ಬಾಗಿಲ ಬಳಿ ನಿಂತಿದ್ದ ಹೆಂಡತಿ ತೂಗುಪಟ್ಟಿಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ನೋವು ಇರಬೇಕು ಎಂದು ನರ್ಸಮ್ಮ ಕುರ್ಚಿ ಎಳೆದು ಕೂರಿಸಿದಳು.

ಎಲ್ಲರೂ ಊಟಕ್ಕೆ ಕೂತರು. ಗಡಿಯಾರದಣ್ಣ ಮೀನಿನ ಕಡೆ ಕೈ ಚಾಚುವಷ್ಟರಲ್ಲಿ ಟೈಲರ್ ಆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

“ನೀನು ಇದರ ತಂಟೆಗೆ ಬರಬೇಡ ಕಣೋ. ನಾವು ಮೀನಲ್ಲಿ ಹೇಗೋ ಸುಧಾರಿಸ್ಕೊಳ್ತೀವಿ.”

“ಹೌದೌದು,” ಅಂದರು ಹೆಡ್‌ಮಾಸ್ಟರು, ಮೀನಿನ ಹೊಟ್ಟೆಭಾಗವನ್ನು ತಟ್ಟೆಗೆ ಹಾಕಿಕೊಳ್ಳುತ್ತ. “ಎಲೆಕೋಸು ನಾಲ್ಕೂ ನಿನ್ನದೇ. ನಾವ್ಯಾರೂ ಒಂದೆಲೆ ಕೂಡ ಮುಟ್ಟಲ್ಲ.”

ನಾಲ್ಕು ಎಲೆಕೋಸಿನಿಂದಲೂ ಒಂದೊಂದು ಹೋಳು ಅವನ ತಟ್ಟೆಗೆ ಬಂದು ಬಿತ್ತು. ನಾಲ್ಕು ಜೊತೆ ಕಣ್ಣುಗಳು ಅವನ ಬಾಯನ್ನೇ ನೋಡುತ್ತಿದ್ದವು. ಆ ಕಣ್ಣುಗಳಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ, ಬೇಡ ಅನ್ನುವುದಕ್ಕಿಂತ ಪ್ರಾಣ ಬಿಡುವುದು ಸುಲಭವಿತ್ತು. ಗಡಿಯಾರದಣ್ಣ ಉಸಿರು ಬಿಗಿಹಿಡಿದು ತುತ್ತೆತ್ತಿದ. ಟೈಲರಿನದು ನುಂಗಿದ. ನರ್ಸಮ್ಮನದೂ ಇಳಿಯಿತು. ಹೆಡ್‌ಮಾಸ್ಟರದು ಮಾತ್ರ ಗಂಟಲಲ್ಲಿ ಅಡ್ಡಬಿತ್ತು. ಮುಖ ಕೆಂಪಾಯಿತು, ಕಣ್ಣು ಮೇಲಾಯಿತು.

“ಅಯ್ಯೋ ರೀ!” ಹೆಂಡತಿ ಹಾರಿ ಎದ್ದಳು. ತೂಗುಪಟ್ಟಿಯಿಂದ ಕೈ ಕಿತ್ತು, ಬ್ಯಾಂಡೇಜಿನ ಕೈಯಿಂದಲೇ ಅವನ ಬೆನ್ನಿಗೆ ಧಬ್ ಧಬ್ ಎಂದು ನಾಲ್ಕು ಗುದ್ದಿದಳು. ಮೇಜಿನ ಮೇಲಿನ ಲೋಟಗಳೆಲ್ಲ ಕುಣಿದವು. ಮೂಲಂಗಿಯ ತುಂಡು ಹೊರಗೆ ಹಾರಿತು. ಅವನಿಗೆ ಉಸಿರು ಬಂತು. ಮಿಕ್ಕವರಿಗೆ ಉಸಿರು ನಿಂತಿತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು.

“ಕೈ ನೆಟ್ಟಗಿದೆಯಲ್ಲೇ?” ಅಂದರು ಅತ್ತೆ.

ಹೆಂಡತಿ ಕೈಯನ್ನು ಒಮ್ಮೆ ನೋಡಿಕೊಂಡಳು, ಗಂಡನನ್ನು ಒಮ್ಮೆ ನೋಡಿದಳು. “ವಾಸಿಯಾಗಿಹೋಯ್ತಮ್ಮ,” ಅಂದಳು. “ಇವರಿಗೆ ಹಾಗಾಗಿದ್ದು ನೋಡಿ, ಹೊರಳಿದ ನರ ಗಾಬರಿಗೆ ತಾನೇ ಸರಿಯಾಯ್ತು.”

“ಆಗತ್ತೆ, ಆಗತ್ತೆ. ಆಸ್ಪತ್ರೆಯಲ್ಲೂ ನೋಡಿದೀನಿ,” ಎಂದಳು ನರ್ಸಮ್ಮ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೈ ಬಂದದ್ದೇ ತಡ, ಹೆಂಡತಿ ಬಡಿಸಲು ನಿಂತಳು. ಗಂಡನ ತಟ್ಟೆಗೆ ಎಲೆಕೋಸಿನ ದೊಡ್ಡದೊಂದು ಎಲೆ ಸುತ್ತಿ ಹಾಕಿ, “ತಗೊಳ್ಳಿ, ನಿಧಾನವಾಗಿ ತಿನ್ನಿ,” ಎಂದಳು. ಅವನು ಕಣ್ಣು ಮುಚ್ಚಿ ಬಾಯಿಗಿಟ್ಟ. ಎಲೆಯ ಒಳಗೆ ಮೆತ್ತಗೆ, ನಿಂಬೆಯ ಪರಿಮಳದ, ಮುಳ್ಳು ಬಿಡಿಸಿದ ಮೀನಿನ ತುಂಡು! ಅವನು ಕಣ್ಣು ತೆರೆದು ನೋಡಿದ. ಅವಳು ಏನೂ ಗೊತ್ತಿಲ್ಲದವಳ ಹಾಗೆ ಹೆಡ್‌ಮಾಸ್ಟರಿಗೆ ಸೂಪು ಬಡಿಸುತ್ತಿದ್ದಳು. ಗಡಿಯಾರದಣ್ಣನಿಗೆ ಸುತ್ತ ಯಾರಿದ್ದಾರೆ ಅನ್ನುವುದೂ ಮರೆತುಹೋಯಿತು.

“ಇನ್ನೊಂದು ಹಾಕೇ,” ಅಂದ ಗಟ್ಟಿಯಾಗಿ. “ಇಂಥದ್ದೇ. ನನ್ನ ಜನ್ಮದಲ್ಲೇ ಇಷ್ಟು ರುಚಿ ತಿಂದಿರಲಿಲ್ಲ!”

ನಾಲ್ವರೂ ಮೀನಿನ ತಟ್ಟೆಯಿಂದ ತಲೆಯೆತ್ತಿದರು. ಆಮೇಲೆ ಅತ್ತೆ ಮೂಗು ಒರೆಸಿಕೊಂಡರು.

“ನೋಡಿದ್ರಾ? ಆ ಪರಿ ಕೆಮ್ಮಿದ್ರೂ ಇನ್ನೂ ಬೇಕು ಅಂತಾರೆ! ನಮ್ಮ ಕೈರುಚಿಗೇ ಹೀಗಾದ್ರೆ... ಹೇಗೂ ಕೈ ವಾಸಿಯಾಗಿದೆಯಲ್ಲೇ, ಹೊಸ ವರ್ಷಕ್ಕೆ ನೀನೇ ಮಾಡಿಹಾಕು ನಿನ್ನ ಗಂಡನಿಗೆ. ವರ್ಷಕ್ಕೆ ಒಂದೇ ಸಲ ಯಾಕೆ? ತಿಂಗಳಿಗೊಂದು ಸಲ ಮಾಡು. ಏನಂತೀರಿ ಎಲ್ಲರೂ?”

“ಒಪ್ಪಿಗೆ ಇರುವವರು ಕೈ ಎತ್ತಿ,” ಎಂದರು ಹೆಡ್‌ಮಾಸ್ಟರು.

ಟೈಲರ್ ಎತ್ತಿದ. ನರ್ಸಮ್ಮ ಎತ್ತಿದಳು. ಅತ್ತೆ ಎರಡೂ ಕೈ ಎತ್ತಿದರು. ಗಡಿಯಾರದಣ್ಣ ಬಾಯಿ ತುಂಬ ಮೀನು ಇಟ್ಟುಕೊಂಡು, ಬೇಡ ಬೇಡ ಎಂದು ಕಣ್ಣಲ್ಲೇ ಹೆಂಡತಿಯನ್ನು ಬೇಡಿಕೊಳ್ಳುತ್ತ ಅವಳ ಕಡೆ ತಿರುಗಿದ. ಅವಳು ಮೀನಿನ ತಟ್ಟೆಯ ಕಡೆ ಕಣ್ಣು ಮಿಟುಕಿಸಿ, ಕುರ್ಚಿಯ ಬೆನ್ನಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮೇಲೆದ್ದ ಕೈಗಳ ನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ, ಬ್ಯಾಂಡೇಜು ಸುತ್ತಿದ ಕೈಯೂ ಒಂದಿತ್ತು.